ಹತ್ತೊಂಬತ್ತನೆಯ ಬಕೆಟ್ಟು

ಹೆಸರು ಗಳಿಸಲು ವರ್ಷಗಟ್ಟಲೆ ಬೇಕು, ಕೆಡಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು. ಮೇಸ್ತ್ರಿಯ ವಿಷಯದಲ್ಲೂ ಹಾಗೇ ಆಯಿತು. ನಲವತ್ತು ವರ್ಷ ಅವರು ಊರಿಗೆಲ್ಲ ಸಿಮೆಂಟಿನ ನೆಲ ಹಾಕಿದವರು. ಅವರು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟ ಜಾಗದಲ್ಲೇ ನಿಲ್ಲುತ್ತಿತ್ತು. ಕೆಲಸ ಮುಗಿದ ಮೇಲೆ ಜೇಬಿನಿಂದ ಗೋಲಿ ತೆಗೆದು ಮನೆಯವರ ಕಣ್ಣೆದುರಿಗೇ ಇಟ್ಟು ತೋರಿಸುವುದು ಅವರ ಪದ್ಧತಿ. ಊರಿನಲ್ಲಿ ಬೇರೆ ಮೇಸ್ತ್ರಿಗಳೂ ಇದ್ದರು, ಆದರೆ ಬರೀ "ಮೇಸ್ತ್ರಿ" ಎಂದರೆ ಇವರೊಬ್ಬರೇ.

ಆಮೇಲೆ ನೆಲದ ಮೇಲೆ ಸುರಿದು ಗಟ್ಟಿಯಾಗಲು ಬಿಡುವ ಎಪಾಕ್ಸಿ ಲೇಪದ ಕಾಲ ಬಂತು. ಕಾರು ರಿಪೇರಿ ಮಾಡುವ ದೊಡ್ಡ ಗ್ಯಾರೇಜೊಂದರ ಯಜಮಾನ ತನ್ನ ನೆಲಕ್ಕೂ ಅದೇ ಬೇಕೆಂದ. ರೆಸಿನ್ ಒಂದು ಡಬ್ಬ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು ಡಬ್ಬ, ಎರಡನ್ನೂ ಕಲಸಿ ಸುರಿದು ಹರಡಿದರೆ ಆಯಿತು, ಇದರಲ್ಲೇನು ಬ್ರಹ್ಮವಿದ್ಯೆ ಎಂದು ಮೇಸ್ತ್ರಿ ಒಪ್ಪಿಕೊಂಡರು. ನೆಲವೇನೋ ಕನ್ನಡಿಯ ಹಾಗೆ ಬಂತು. ಆದರೆ ಅಲ್ಲಲ್ಲಿ ಒಣಗಲೇ ಇಲ್ಲ. ಒಂದು ವಾರ ಕಾದರು, ಒಂದು ತಿಂಗಳು ಕಾದರು, ಎರಡು ವರ್ಷವಾದರೂ ಆ ಜಾಗಗಳು ಅಂಟುತ್ತಲೇ ಇದ್ದವು. ಬಿದ್ದ ನಟ್ಟು ಮೇಲೇಳುತ್ತಿರಲಿಲ್ಲ. ಕಾಲು ಎತ್ತಿದರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಮೊದಲ ತಿಂಗಳಲ್ಲೇ, ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ಕಾರಿನ ಅಡಿಗೆ ಜಾರಿದ ಮೆಕ್ಯಾನಿಕ್ಕೊಬ್ಬ ಅಲ್ಲೇ ಕಚ್ಚಿಕೊಂಡು, ಅವನನ್ನು ಇಬ್ಬರು ಕಾಲು ಹಿಡಿದು ಎಳೆಯಬೇಕಾಯಿತು. ಅವತ್ತೇ ಯಜಮಾನ ಅವರಿಗೆ "ಅಂಟು ಮೇಸ್ತ್ರಿ" ಎಂದು ಹೆಸರಿಟ್ಟ. ಹೆಸರು ಗ್ಯಾರೇಜಿನ ಬಾಗಿಲು ದಾಟಿ ಬೀದಿಗೆ ಬರಲು ಎರಡು ದಿನವೂ ಹಿಡಿಯಲಿಲ್ಲ.

ಮೇಸ್ತ್ರಿ ಸುಮ್ಮನಿರಲಿಲ್ಲ. ಮಾಲೇ ಕಲಬೆರಕೆ ಎಂದು ನೇರವಾಗಿ ಬಣ್ಣದ ಅಂಗಡಿಗೆ ನುಗ್ಗಿ, ಗಿರಾಕಿಗಳ ಮುಂದೆಯೇ ಅಂಗಡಿಯವನ ಮಾನ ಹರಾಜು ಹಾಕಿ ಬಂದರು. ಇಪ್ಪತ್ತೈದು ವರ್ಷದ ಸ್ನೇಹ ಅದು. ಇನ್ನು ನಿನ್ನ ಮೆಟ್ಟಿಲು ಹತ್ತಿದರೆ ಕೇಳು ಎಂದು ಅಂದದ್ದೂ ಆಯಿತು. ಇದನ್ನು ಕೇಳಿದ ಯಜಮಾನ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕ. ನೆಲ ಹಾಕುವವರಿಗೆ ಆ ಗಾದೆ ಹೇಳಿದರೆ ಎಲ್ಲಿ ಚುಚ್ಚುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನದಿಂದ ಮೇಸ್ತ್ರಿ ಎಪಾಕ್ಸಿ ಮುಟ್ಟಲಿಲ್ಲ. ಬಚ್ಚಲಿನ ತೇಪೆ, ಮೆಟ್ಟಿಲಿನ ಬಿರುಕು, ಇಂಥ ಚಿಲ್ಲರೆ ಕೆಲಸ ಹಿಡಿದು ತಲೆ ತಗ್ಗಿಸಿಕೊಂಡು ಓಡಾಡತೊಡಗಿದರು.

ಈ ಹೆಸರು ಅವರಿಗಿಂತ ಹೆಚ್ಚು ಚುಚ್ಚಿದ್ದು ಅವರ ಸೊಸೆಗೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ನೆಲದ ಕೆಲಸ ಕಲಿಯುತ್ತೇನೆ ಎಂದಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಮಾವ ಮಾತ್ರ, ಕರಣೆಗೆ ಗಂಡು ಹೆಣ್ಣು ಗೊತ್ತಿಲ್ಲ ಎಂದು ತಮ್ಮ ಹಳೆಯ ಕರಣೆಯನ್ನೇ ಅವಳ ಕೈಗೆ ಕೊಟ್ಟರು. ಗಂಡ ಬಸ್ಸು ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲೇ ಹೆಚ್ಚು; ಕೆಲಸದ ಜೊತೆಗಾರ ಎಂದರೆ ಅವಳಿಗೆ ಮಾವನೇ. ಆ ಗ್ಯಾರೇಜಿನ ಕೆಲಸದ ಹೊತ್ತಿಗೆ ಅವಳ ಮಗಳಿಗೆ ಎರಡು ತಿಂಗಳು, ಮನೆ ಬಿಟ್ಟು ಬರುವ ಹಾಗಿರಲಿಲ್ಲ. ತಾನೊಬ್ಬಳು ಅಲ್ಲಿದ್ದಿದ್ದರೆ ಎಂದು ಅವಳು ಎಷ್ಟು ಸಲ ಅಂದುಕೊಂಡಳೋ. ಆಮೇಲೆ ಬಣ್ಣದ ಕಂಪನಿಯವರು ನಡೆಸಿದ ಮೂರು ದಿನದ ತರಬೇತಿಗೆ ಹೋಗಿ ಎಪಾಕ್ಸಿಯ ಒಳಗುಟ್ಟೆಲ್ಲ ಕಲಿತು ಬಂದಳು. ಆದರೆ ಅಂಟು ಮೇಸ್ತ್ರಿಯ ಸೊಸೆಗೆ ಎಪಾಕ್ಸಿ ಕೆಲಸ ಕೊಡುವವರು ಯಾರು?

ಹೀಗಿರುವಾಗ ಗ್ಯಾರೇಜಿನ ಯಜಮಾನ ಹಳೆಯ ನೆಲ ಕೀಳಿಸಿ ಬೇರೆಯವರಿಂದ ಹೊಸದು ಹಾಕಿಸುತ್ತಾನೆಂಬ ಸುದ್ದಿ ಬಂತು. ಮಾವನಿಗೆ ಹೇಳದೆ ಅವಳು ಅಲ್ಲಿಗೆ ಹೋದಳು. ಕಾರುಗಳನ್ನೂ ಮೇಜುಗಳನ್ನೂ ಹೊರಗೆ ಸಾಗಿಸಿ ಗ್ಯಾರೇಜು ಖಾಲಿ ಮಾಡಿದ್ದರು. ಶಟರ್ ಪೂರ್ತಿ ಮೇಲಿತ್ತು, ಬೆಳಕು ಹಿಂದಿನ ಗೋಡೆಯವರೆಗೂ ಬಿದ್ದಿತ್ತು. ಎರಡು ವರ್ಷದ ಕೊಳೆಯೆಲ್ಲ ಅಂಟು ಇದ್ದ ಕಡೆ ಮಾತ್ರ ಕೂತು, ಬೂದು ನೆಲದ ಮೇಲೆ ಕರಿ ಮಚ್ಚೆಗಳು ಎದ್ದು ಕಾಣುತ್ತಿದ್ದವು. ಅವಳು ನಿಂತಲ್ಲೇ ನಿಂತಳು. ಮಚ್ಚೆಗಳು ಅಡ್ಡಾದಿಡ್ಡಿ ಇರಲಿಲ್ಲ. ಎಲ್ಲವೂ ದುಂಡಗೆ, ಒಂದೇ ಅಳತೆ, ಎರಡೆರಡು ಹೆಜ್ಜೆಗೆ ಒಂದೊಂದು, ಸಾಲಾಗಿ. ಮೂಲೆಯಲ್ಲಿದ್ದ ನೀರಿನ ಬಕೆಟ್ಟನ್ನು ತಂದು ಒಂದು ಮಚ್ಚೆಯ ಮೇಲೆ ಬೋರಲು ಹಾಕಿದಳು. ಅಂಚಿಗೆ ಅಂಚು ಕೂತಿತು.

ತಕ್ಷಣ ಅವಳ ಕಣ್ಣ ಮುಂದೆ ಬಂದದ್ದು ಮನೆಯ ಅಡುಗೆಮನೆ. ಎಣ್ಣೆಯ ಡಬ್ಬ ಖಾಲಿಯಾದರೆ ಅತ್ತೆ ಎಸೆಯುವ ಹಾಗಿಲ್ಲ. ಮಾವ ಅದನ್ನು ಬಟ್ಟಲಿನ ಮೇಲೆ ಬೋರಲು ನಿಲ್ಲಿಸಿ, ಕೊನೆಯ ತೊಟ್ಟು ಇಳಿಯುವವರೆಗೆ ಮಧ್ಯಾಹ್ನದ ತನಕ ಕಾಯುತ್ತಾರೆ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಬಳಿದುಕೊಳ್ಳುತ್ತಾರೆ. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ. ಗಾರೆ ಕಲಸಿದ ಬಾಣಲಿಯಲ್ಲಿ ಒಂದು ಬೊಗಸೆ ಉಳಿಸಿದವನು ಮೇಸ್ತ್ರಿಯೇ ಅಲ್ಲ ಎಂದು ಅವಳಿಗೂ ಕಲಿಸಿದ್ದರು. ಸಿಮೆಂಟಿಗೆ ಅದು ಸರಿಯೇ. ಆದರೆ ಬಕೆಟ್ಟಿನ ಗೋಡೆಗೆ ಮೆತ್ತಿಕೊಂಡಿರುವ ಎಪಾಕ್ಸಿಗೆ ಕಲಸುವ ಕಡ್ಡಿ ತಾಗಿರುವುದಿಲ್ಲ. ರೆಸಿನ್ ಹಾರ್ಡನರಿನ ಜೊತೆ ಬೆರೆತಿರುವುದಿಲ್ಲ. ಅದನ್ನು ಕೆರೆದು ನೆಲಕ್ಕೆ ಹಾಕಿದರೆ ಜನ್ಮದಲ್ಲಿ ಒಣಗುವುದಿಲ್ಲ. ಮಾವ ಕೆರೆಯುವುದಷ್ಟೇ ಅಲ್ಲ, ಪ್ರತಿ ಬಕೆಟ್ಟನ್ನೂ ಹಸಿ ನೆಲದ ಮೇಲೆ ಬೋರಲು ಹಾಕಿ ಕೊನೆಯ ತೊಟ್ಟನ್ನೂ ಇಳಿಸಿದ್ದರು. ಮಾಲು ಕಲಬೆರಕೆಯಾಗಿರಲಿಲ್ಲ.

ಯಜಮಾನ ಬಂದು, ಅಂಟು ಮೇಸ್ತ್ರಿಯ ಸೊಸೆಗೆ ಇಲ್ಲೇನು ಕೆಲಸ ಎಂದು ಕೇಳಿದ. ನೆಲ ಯಾಕೆ ಕೆಟ್ಟಿತೆಂದು ಗೊತ್ತಾಗಿದೆ, ಈ ಸಲವೂ ನಮಗೇ ಕೊಡಿ ಎಂದಳು. ಯಾಕೆ ಕೆಟ್ಟಿತು ಎಂದು ಅವನು ಕೇಳಿದ್ದಕ್ಕೆ ಅವಳು ಬಾಯಿ ಬಿಡಲಿಲ್ಲ. ಮಾವನಿಗೆ ಹೇಳದ ಮಾತನ್ನು ಇವನಿಗೆ ಹೇಳುವುದೇ? ಯಜಮಾನನ ನಾಲಿಗೆ ಹರಿತವೇ ಹೊರತು ಮನಸ್ಸು ಕೆಟ್ಟದ್ದಲ್ಲ. ನಾಲ್ಕು ದಿನ ಕಾಯುತ್ತೇನೆ, ನಿಮ್ಮ ಮಾವನೇ ಬಂದು ಮಾಡುತ್ತೇನೆ ಎನ್ನಲಿ ಎಂದ. ಎರಡನೇ ಸಲವೂ ಅಂಟಿದರೆ ಆ ಹೆಸರನ್ನು ಬೋರ್ಡು ಬರೆಸಿ ಗೇಟಿಗೆ ಹಾಕುವುದಾಗಿಯೂ ಸೇರಿಸಿದ.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಗೆದ್ದ ಖುಷಿಗಿಂತ ಭಯವೇ ಹೆಚ್ಚಾಯಿತು. ಎರಡು ವರ್ಷ ಮಾಲನ್ನು ಬೈದುಕೊಂಡು ಬದುಕಿದ ಮನುಷ್ಯನಿಗೆ, ಕೆಡಿಸಿದ್ದು ನಿಮ್ಮ ಕೈಯೇ ಎಂದು ಹೇಗೆ ಹೇಳುವುದು? ಅತ್ತೆಯ ಹತ್ತಿರ ಮಾತ್ರ ಹೇಳಿಕೊಂಡಳು. ಅತ್ತೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ, ಇವರು ಒಂದು ಬೊಗಸೆಗೆ ಕಳಕೊಂಡರಲ್ಲ ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಒಂದು ಉಪಾಯವನ್ನೂ ಅವರೇ ಹೇಳಿದರು. ಅವರಿಗೆ ಬಾಯಲ್ಲಿ ಹೇಳಬೇಡ, ಕೈಗೆ ಹೇಳು ಎಂದರು.

ಸೊಸೆ ಹಿತ್ತಲಲ್ಲಿ ಎರಡು ಟೈಲ್ಸು ಇಟ್ಟಳು. ಒಂದು ಬಕೆಟ್ಟು ಕಲಸಿ, ನಡುವಿನದನ್ನು ಒಂದರ ಮೇಲೆ ಸುರಿದಳು, ಗೋಡೆಯದನ್ನು ಕೆರೆದು ಇನ್ನೊಂದಕ್ಕೆ ಬಳಿದಳು. ಮಾರನೆಯ ದಿನ ಸಂಜೆ ಮಾವನನ್ನು ಕರೆದು, ಎರಡನ್ನೂ ಮುಟ್ಟಿ ನೋಡಿ ಎಂದಳು. ಮೊದಲನೆಯದರ ಮೇಲೆ ಅವರ ಬೆರಳು ಜಾರಿತು. ಎರಡನೆಯದರ ಮೇಲೆ ಇಟ್ಟ ಹೆಬ್ಬೆರಳು ಹಾಗೇ ನಿಂತಿತು. ಯಾವುದು ಎಲ್ಲಿಂದ ಬಂದದ್ದು ಎಂದು ಕೇಳಿದರು. ಅವಳು ಬಕೆಟ್ಟಿನ ಗೋಡೆ ತೋರಿಸಿದಳು. ಮೇಸ್ತ್ರಿ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು, ಇದನ್ನೇ ಮಾಡುತ್ತ ಕೂತರು.

"ಅಂಗಡಿಯವನದ್ದಲ್ಲ ಹಾಗಾದ್ರೆ," ಎಂದರು ಕೊನೆಗೆ.

"ಅಲ್ಲ ಮಾವ."

"ನನ್ನ ಜಿಪುಣತನ."

"ಜಿಪುಣತನ ಅಲ್ಲ ಮಾವ, ಅಭ್ಯಾಸ. ಸಿಮೆಂಟಿನ ಅಭ್ಯಾಸ."

ಮೇಸ್ತ್ರಿ ಎದ್ದು ಒಳಗೆ ಹೋದರು. ಅವತ್ತು ಊಟಕ್ಕೂ ಬರಲಿಲ್ಲ. ಸೊಸೆ ಕೆಟ್ಟ ಕೆಲಸ ಮಾಡಿದೆನೇನೋ ಎಂದು ಹಾಸಿಗೆಯಲ್ಲಿ ಹೊರಳಾಡಿದಳು. ಬೆಳಗ್ಗೆ ಎದ್ದು ನೋಡಿದರೆ ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಕೂಟರ್ ಒರೆಸುತ್ತ ನಿಂತಿದ್ದರು. ಗ್ಯಾರೇಜಿಗೆ ಹೋಗೋಣ ಬಾ ಎಂದರು. ಅಲ್ಲಿ ಯಜಮಾನನ ಮುಂದೆ ನಿಂತು, ನೆಲ ನಾವು ಹಾಕುತ್ತೇವೆ, ಈ ಸಲ ಹೇಳುವವಳು ಇವಳು, ಕೇಳುವವನು ನಾನು ಎಂದರು. ಯಜಮಾನ ಕೂಡ ಅವತ್ತು ಗಾದೆ ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮಾವ ಸೊಸೆಯ ಮಾತು ಕೇಳಲಿಲ್ಲ. ಜಾಗ ಅಳೆದು, ಹದಿನೆಂಟು ಜೋಡಿ ಡಬ್ಬ ಎಂದರು. ಹತ್ತೊಂಬತ್ತು ತರೋಣ, ಒಂದು ಹೆಚ್ಚಿಗಿರಲಿ ಎಂದಳು ಅವಳು. ಅಳತೆಗೆ ಮೀರಿ ತರುವುದು ಅಳೆಯಲು ಬಾರದವರ ಲಕ್ಷಣ ಎಂದು ಮುಖ ಸಿಂಡರಿಸಿದರು. ಅದೇ ಬಣ್ಣದ ಅಂಗಡಿಗೆ ಮಾಲಿಗೆ ಹೋದಾಗ ಮಾವ ಬೀದಿಯ ತುದಿಯಲ್ಲೇ ಸ್ಕೂಟರ್ ನಿಲ್ಲಿಸಿಕೊಂಡರು. ಅವಳೊಬ್ಬಳೇ ಮೆಟ್ಟಿಲು ಹತ್ತಿ, ಹದಿನೆಂಟು ಜೋಡಿಗೂ ಒಂದೇ ಲಾಟ್ ನಂಬರ್ ಇದೆಯೇ ನೋಡಿ, ಸರಕಿನ ಆಟೋಗೆ ಹೇರಿಸಿ ತಂದಳು. ಲಾಟ್, ಅಂದರೆ ಒಟ್ಟಿಗೆ ತಯಾರಾದ ಕಂತು, ಬೇರೆಯಾದರೆ ಬಣ್ಣ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಅಂಗಡಿಯವನು, ನಿಮ್ಮ ಮಾವ ಚೆನ್ನಾಗಿದ್ದಾರಾ ಎಂದಷ್ಟೇ ಕೇಳಿದ.

ಮೂರು ದಿನ ಹಳೆಯ ನೆಲ ಉಜ್ಜಿದರು. ಉಜ್ಜುವ ಯಂತ್ರದ ಸದ್ದಿಗೆ ಕಿವಿ ಕಿವುಡಾಗಿ, ಮಾವ, ಸೊಸೆ, ಇಬ್ಬರು ಕೆಲಸಗಾರರು, ನಾಲ್ವರೂ ಹಿಟ್ಟಿನಲ್ಲಿ ಹೊರಳಿದವರಂತಾದರು. ಬಾಗಿಲ ಬಳಿ ವರ್ಷಗಟ್ಟಲೆ ಎಂಜಿನ್ ಆಯಿಲ್ ಕುಡಿದ ಜಾಗವೊಂದಿತ್ತು. ಅಲ್ಲಿ ಒಳ್ಳೆಯ ಕಾಂಕ್ರೀಟು ಸಿಗುವವರೆಗೆ ಕೆತ್ತಿದರು. ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟು, ಅಡಿಯಲ್ಲಿ ಬೆವರಿಲ್ಲ, ಅಂದರೆ ನೆಲದಲ್ಲಿ ತೇವವಿಲ್ಲ ಎಂದು ಖಚಿತ ಮಾಡಿಕೊಂಡರು. ದೂಳೆಲ್ಲ ಹೀರಿ ತೆಗೆದು ಪ್ರೈಮರ್ ಹೊಡೆದರು. ಇದೆಲ್ಲ ಆದ ಮೇಲೆ ಸುರಿಯುವ ದಿನ ಬಂತು.

ಬೆಳಗ್ಗೆ ಎಂಟಕ್ಕೆ ಶುರು. ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಬರಬೇಕು. ಕಲಸುವುದು ಮಾವ, ಬಾಗಿಲ ಹೊರಗೆ, ಕೈಗಡಿಯಾರ ಎದುರಿಗಿಟ್ಟುಕೊಂಡು, ಬಕೆಟ್ಟಿಗೆ ಮೂರು ನಿಮಿಷ. ಒಬ್ಬ ಕೆಲಸಗಾರ ಅದನ್ನು ತಂದು ಸುರಿಯುತ್ತಾನೆ. ಸೊಸೆ ಹೆಜ್ಜೆ ಗುರುತು ಉಳಿಯದ ಹಾಗೆ ಅಡಿಗೆ ಮೊಳೆಯಿರುವ ಮುಳ್ಳಿನ ಚಪ್ಪಲಿ ಹಾಕಿಕೊಂಡು ಹಸಿ ಎಪಾಕ್ಸಿಯ ಮೇಲೇ ನಿಂತು ಹಲ್ಲಿನ ಕರಣೆಯಿಂದ ಹರಡುತ್ತಾಳೆ. ಇನ್ನೊಬ್ಬ ಮುಳ್ಳಿನ ರೋಲರ್ ಎಳೆದು ಗುಳ್ಳೆ ಒಡೆಯುತ್ತಾನೆ. ಖಾಲಿ ಬಕೆಟ್ಟು ನೇರ ಹೊರಗೆ. ಪ್ರತಿ ಬಕೆಟ್ಟು ಹೊರಗೆ ಬಂದಾಗಲೂ ಮೇಸ್ತ್ರಿ ಅದರೊಳಗೆ ಒಮ್ಮೆ ಇಣುಕಿ, ಹಲ್ಲು ಕೀಳಿಸಿಕೊಂಡವರ ಮುಖ ಮಾಡಿಕೊಂಡು ಸಾಲಿಗೆ ಸೇರಿಸುತ್ತಿದ್ದರು. ಯಜಮಾನ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತ ಕೂತಿದ್ದ.

ಹತ್ತು ಬಕೆಟ್ಟು, ಹನ್ನೆರಡು, ಹದಿನೈದು. ನೆಲ ಬೂದು ಬಣ್ಣದಲ್ಲಿ ಮಿರಮಿರ ಹೊಳೆಯುತ್ತ ಬಾಗಿಲ ಕಡೆಗೆ ಬಂತು. ಬಾಗಿಲ ಬಳಿಯ ಕೆತ್ತಿದ ಜಾಗಕ್ಕೆ ಬಂದಾಗ ಮಾತ್ರ ಸೊಸೆ ಕರಣೆ ನಿಲ್ಲಿಸಿದಳು. ಆ ತಗ್ಗು ಒಂದು ಬಕೆಟ್ಟನ್ನೇ ನುಂಗಿ ನೀರು ಕುಡಿದಂತೆ ಸುಮ್ಮನಿತ್ತು. ಹದಿನೆಂಟನೆಯದೂ ಮುಗಿದಾಗ ಬಾಗಿಲಿಗೆ ಇನ್ನೂ ಎರಡು ಹೆಜ್ಜೆ ಅಗಲದ ಪಟ್ಟಿ ಬರಿದಾಗಿ ಉಳಿದಿತ್ತು. ಎಲ್ಲ ಕಾರುಗಳೂ ಒಳಗೆ ಬರುವುದು ಆ ಪಟ್ಟಿಯ ಮೇಲೇ. ಹಸಿ ಅಂಚು ಹೆಚ್ಚೆಂದರೆ ಹದಿನೈದು ನಿಮಿಷ ಕಾಯುತ್ತದೆ. ಆಮೇಲೆ ಹಾಕಿದರೆ ಸಂದು ಕಾಣುತ್ತದೆ, ಕ್ರಮೇಣ ಬಾಯಿ ಬಿಟ್ಟು ಏಳುತ್ತದೆ. ಅಂಗಡಿಗೆ ಹೋಗಿ ಬರಲು ಒಂದು ಗಂಟೆ ಬೇಕು.

ಯಜಮಾನ ಕುರ್ಚಿಯಿಂದ ಎದ್ದ. ಆ ಬಕೆಟ್ಟುಗಳಲ್ಲಿ ಇನ್ನೂ ಇದೆಯಲ್ಲ, ಹದಿನೆಂಟು ಬಕೆಟ್ಟು, ಒಂದೊಂದರಲ್ಲಿ ಒಂದು ಬೊಗಸೆ, ಕೆರೆದರೆ ಆಯಿತು ಎಂದ. ಕೆಲಸಗಾರ ಆಗಲೇ ಒಂದು ಬಕೆಟ್ಟು ಎತ್ತಿಕೊಂಡಿದ್ದ. ಸೊಸೆ ಎಲ್ಲ ಗೊತ್ತಿದ್ದವಳು, ಆದರೆ ಆ ಗಳಿಗೆಯಲ್ಲಿ ಅವಳಿಗೂ, ಸ್ವಲ್ಪ ತಾನೇ, ಚೆನ್ನಾಗಿ ತಿರುವಿ ಹಾಕಿದರೆ ಆಗಲಿಕ್ಕಿಲ್ಲವೇ ಎನ್ನಿಸಿಬಿಟ್ಟಿತು.

ಮೇಸ್ತ್ರಿ ಕೆಲಸಗಾರನ ಕೈಯಿಂದ ಬಕೆಟ್ಟು ಕಿತ್ತುಕೊಂಡರು.

"ಕೈ ತೆಗಿ. ಇದರಲ್ಲಿ ಇರೋದು ನನ್ನ ಎರಡು ವರ್ಷ," ಎಂದರು.

ಹಾಗೆಂದವರೇ ಸ್ಕೂಟರಿನ ಹತ್ತಿರ ಹೋಗಿ, ಕಾಲಿಡುವ ಜಾಗದಲ್ಲಿದ್ದ ಗೋಣಿಚೀಲ ಸರಿಸಿದರು. ಅದರಡಿ ಒಂದು ಜೋಡಿ ಡಬ್ಬವಿತ್ತು. ಸೊಸೆ ಹಸಿ ನೆಲದ ಮೇಲೆ ನಿಂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಅದೇ ಲಾಟ್ ನಂಬರ್, ಮುಚ್ಚಳದ ಮೇಲೆ ಅದೇ ಅಂಗಡಿಯವನ ಸೀಮೆಸುಣ್ಣದ ಗೀಟು. ಅಂದರೆ ಮಾವ ಆ ಮೆಟ್ಟಿಲು ಹತ್ತಿದ್ದರು. ಆದರೆ ಅದನ್ನು ಕೇಳಲು ಆಗ ಪುರುಸೊತ್ತಿರಲಿಲ್ಲ.

ಮೇಸ್ತ್ರಿ ಕಲಸತೊಡಗಿದರು. ಒಂದು ನಿಮಿಷಕ್ಕೇ ಯಜಮಾನ, ಸಾಕು ಸಾಕು, ಅಂಚು ಗಟ್ಟಿಯಾಗುತ್ತಿದೆ ಎಂದು ಅವಸರ ಮಾಡಿದ. ಮೇಸ್ತ್ರಿ ತಲೆ ಎತ್ತಲಿಲ್ಲ. ಗಡಿಯಾರದ ಸೆಕೆಂಡು ಮುಳ್ಳು ಮೂರು ಸುತ್ತು ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ. ಆಮೇಲೆ ತಾವೇ ತಂದು, ಹಸಿ ಅಂಚಿನ ಉದ್ದಕ್ಕೂ ಸೊಸೆಯ ಕರಣೆಯ ಮುಂದೆ ಸುರಿದರು. ಹೊಸದೂ ಹಳೆಯದೂ ಒಂದಕ್ಕೊಂದು ಹರಿದು ಸೇರಿ, ಸಂದು ಎಲ್ಲಿತ್ತೆಂಬುದೇ ಕಾಣದಂತಾಯಿತು. ಸೊಸೆ ಹೊಸ್ತಿಲಿನವರೆಗೆ ಎಳೆದು ಮುಗಿಸಿ ಹೊರಗೆ ಹೆಜ್ಜೆ ಇಟ್ಟಾಗ ಬಕೆಟ್ಟಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಅರ್ಧ ಬಕೆಟ್ಟು! ಮೇಸ್ತ್ರಿ ಅದನ್ನು ಒಮ್ಮೆ ನೋಡಿದರು, ನೆಲವನ್ನು ಒಮ್ಮೆ ನೋಡಿದರು, ಬಕೆಟ್ಟನ್ನು ಸಾಲಿನ ಕೊನೆಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಅದು ತನ್ನ ಕಾವಿಗೇ ಹೊಗೆಯಾಡಿ ಕಲ್ಲಾಯಿತು. ಅವರು ಅದರ ಪಕ್ಕದಲ್ಲೇ ಕೂತು ಟೀ ಕುಡಿದರು.

ಅಂಗಡಿಗೆ ಯಾವಾಗ ಹೋಗಿದ್ರಿ ಎಂದು ಸೊಸೆ ಕೇಳಿದಳು. ಮೊನ್ನೆ ಎಂದರು. ಅವಳು ಬಿಡದೆ ಕೆದಕಿದ ಮೇಲೆ ಪೂರ್ತಿ ಹೇಳಿದರು. ಬಾಗಿಲ ಬಳಿ ಕೆತ್ತಿದ ತಗ್ಗು ನೋಡಿದ ದಿನವೇ ಲೆಕ್ಕ ತಪ್ಪಿದ್ದು ಅವರಿಗೆ ಗೊತ್ತಾಗಿತ್ತು. ಅಂಗಡಿಯ ಎದುರು ಅರ್ಧ ಗಂಟೆ ನಿಂತಿದ್ದರಂತೆ. ಹೆದರಿಕೊಂಡಲ್ಲ, ಒಳಗೆ ಗಿರಾಕಿಗಳು ಇರಲಿಲ್ಲವೆಂದು. ನಾಲ್ಕು ಜನ ಸೇರಿದ ಮೇಲೆಯೇ ಮೆಟ್ಟಿಲು ಹತ್ತಿದರು.

"ಬೈದಿದ್ದು ಜನರ ಮುಂದೆ," ಎಂದರು ಮೇಸ್ತ್ರಿ. "ತಪ್ಪು ಒಪ್ಕೊಳ್ಳೋದು ಗುಟ್ಟಾಗಿ ಮಾಡಿದ್ರೆ ಹೇಗೆ?"

ಏಳು ದಿನ ಯಾರೂ ನೆಲ ಮುಟ್ಟಲಿಲ್ಲ. ಎಂಟನೆಯ ದಿನ ಪರೀಕ್ಷೆ. ಯಜಮಾನ ಇರುವುದರಲ್ಲೇ ಭಾರದ ಕಾರೊಂದನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಓಡಿಸಿಕೊಂಡು ಬಂದು, ಟೈರು ಕಾದಿರುವಾಗಲೇ ಬಾಗಿಲ ಪಟ್ಟಿಯ ಮೇಲೆ ತಂದು ನಿಲ್ಲಿಸಿದ. ಕಾದ ಟೈರು ಕೆಟ್ಟ ನೆಲವನ್ನು ಕಚ್ಚಿಕೊಂಡು ಎದ್ದು ಬರುತ್ತದೆ. ಒಳ್ಳೆಯ ನೆಲವನ್ನು ಏನೂ ಮಾಡಲಾರದು. ಟೈರು ತಣ್ಣಗಾಗಲು ಎರಡು ಗಂಟೆ ಕಾದರು. ಮೆಕ್ಯಾನಿಕ್ಕುಗಳೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಬಣ್ಣದ ಅಂಗಡಿಯವನೂ ಶಟರ್ ಎಳೆದು ಬಂದು ಮೇಸ್ತ್ರಿಯ ಪಕ್ಕದಲ್ಲಿ ನಿಂತ. ಗೆದ್ದರೆ ಮಾವ ಈ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಾರೆ, ಸೋತರೆ ಗೇಟಿಗೆ ಬೋರ್ಡು.

ಯಜಮಾನ ಕಾರನ್ನು ಹಿಂದಕ್ಕೆ ತೆಗೆದ. ಇಳಿದು ಬಂದು ಮಂಡಿಯೂರಿ ಟಾರ್ಚು ಹಾಕಿ ನೋಡಿದ. ಉಗುರಿನಿಂದ ಕೆರೆದ. ಒದ್ದೆ ಬಟ್ಟೆಯಿಂದ ಒರೆಸಿದ. ಟೈರಿನ ಕರಿ ಗುರುತು ಬಟ್ಟೆಗೆ ಬಂತು, ನೆಲ ಹಾಗೇ ಇತ್ತು. ನಂಬಿಕೆ ಬಾರದೆ ಜೇಬಿನಿಂದ ಒಂದು ನಟ್ಟು ತೆಗೆದು ಮೇಲಿಂದ ಬಿಟ್ಟ. ಅದು ಟಣ್ಣೆಂದು ಪುಟಿದು ಉರುಳಿಕೊಂಡು ಹೋಯಿತು. ಹಿಂದೆ ಸಿಕ್ಕಿಹಾಕಿಕೊಂಡಿದ್ದ ಮೆಕ್ಯಾನಿಕ್ಕು ಚಕ್ರದ ಹಲಗೆ ತಂದು ಮಲಗಿ, ಹಿಂದಿನ ಗೋಡೆಗೆ ಕಾಲು ಕೊಟ್ಟು ಒಂದೇ ಒಂದು ಸಲ ನೂಕಿಕೊಂಡ. ಗ್ಯಾರೇಜಿನ ಉದ್ದಕ್ಕೂ ಜಾರಿ ಬಂದು ಹೊಸ್ತಿಲಲ್ಲಿ ನಿಂತವನು ಮಲಗಿದಲ್ಲೇ ನಗತೊಡಗಿದ. ಅವನ ನಗು ಎಲ್ಲರಿಗೂ ಹತ್ತಿಕೊಂಡಿತು. ಅಂಗಡಿಯವನು ಮೇಸ್ತ್ರಿಯ ಬೆನ್ನಿಗೆ ಎರಡು ಗುದ್ದು ಕೊಟ್ಟ.

ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಹೋದರು. ನಡುವೆ ಕೂತು ಜೇಬಿನಿಂದ ಗೋಲಿ ತೆಗೆದು ನೆಲದ ಮೇಲಿಟ್ಟು ಕೈ ಬಿಟ್ಟರು. ಎರಡು ವರ್ಷ ಜೇಬಿನಲ್ಲೇ ಇದ್ದ ಗೋಲಿ ಅದು. ಇಟ್ಟ ಜಾಗದಲ್ಲೇ ನಿಂತಿತು.

ಯಜಮಾನ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮೇಸ್ತ್ರಿ, ನಮ್ಮ ತಮ್ಮನ ಗ್ಯಾರೇಜು ಇದರ ಎರಡರಷ್ಟಿದೆ. ಅದಕ್ಕೂ ನೀವೇ ಹಾಕ್ಬೇಕು."

ಬರೀ ಮೇಸ್ತ್ರಿ. ಹಿಂದೆ ಮುಂದೆ ಏನೂ ಇಲ್ಲ. ಸೊಸೆ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು, ಅಷ್ಟರಲ್ಲಿ ಮಾವ ಅವಳ ಕಡೆಗೇ ಬೆರಳು ತೋರಿಸುತ್ತಿದ್ದರು.

"ಮೇಸ್ತ್ರಿ ಅಲ್ಲಿದ್ದಾಳೆ. ಅವಳನ್ನ ಕೇಳಿ."

ಎಣ್ಣೆಯ ಡಬ್ಬದ ಕೊನೆಯ ತೊಟ್ಟಿಗೆ ಮಧ್ಯಾಹ್ನದವರೆಗೆ ಕಾಯುವ ಮನುಷ್ಯ, ಎರಡು ವರ್ಷ ಕಾದು ಕೈಗೆ ಬಂದ ಹೆಸರನ್ನು ಎರಡು ನಿಮಿಷವೂ ಇಟ್ಟುಕೊಳ್ಳಲಿಲ್ಲ. ಎಲ್ಲರೂ ಅವಳತ್ತ ತಿರುಗಿದರು. ಯಜಮಾನ ಅವಳ ಮುಂದೆ ಬಂದು ನಿಂತು, ಅವಳನ್ನೇ ಕೇಳಿದ.

"ಎಷ್ಟು ಬಕೆಟ್ಟು ಬೇಕಾಗ್ಬಹುದು ಮೇಸ್ತ್ರಿ?"

ಸೊಸೆ ಮಾವನ ಮುಖ ನೋಡಿದಳು. ಅವರು ಗೋಲಿ ಎತ್ತಿಕೊಂಡು ಒರೆಸುತ್ತಿದ್ದರು.

"ಅಳತೆಗೆ ಎಷ್ಟು ಬರುತ್ತೋ ಅದಕ್ಕಿಂತ ಒಂದು ಹೆಚ್ಚು," ಎಂದಳು.